ಐದನೇ ಪಾಠ

ಮಂಗಳವಾರ, ಕುಮಟೆ. ತಪಸ್ಸುಕಾಲದ ಮೂರನೇ ವಾರ.
ಇಗರ್ಜಿಯ ಹಿಂದಿನ ಕೋಣೆಯಲ್ಲಿ ಏಳು ಕುರ್ಚಿ,
ಒಂದಕ್ಕೆ ಕಾಲು ಗಿಡ್ಡ; ಅದು ಯಾವಾಗಲೂ ನನ್ನದು.
ಕರೆಂಟು ಹೋಗಿತ್ತು. ಸೆವ್ರಿನಾಳ ಮೊಬೈಲಿನ ಬೆಳಕಲ್ಲಿ
ಬೋರ್ಡಿನ ಮೇಲೆ ಬರೆದೆ: ವಿಶ್ವಾಸದಲ್ಲಿ ಬೆಳೆಯುವುದು.
ಕೆಳಗೆ ಗೆರೆ ಎಳೆದು ಒಂದು ಮರ,
ಮರಕ್ಕೆ ಬೇರು, ಬೇರಿಗೆ ಪ್ರಾರ್ಥನೆ ಎಂದು ಹೆಸರು.
ಹದಿನೆಂಟು ವರ್ಷದಿಂದ ಅದೇ ಮರ.
ಒಂದೆಲೆ ಉದುರಿಸಿದ್ದಿಲ್ಲ ನಾನು.

ಆಮೇಲೆ ಗುಡ್ಡದ ಮೇಲಿನ ಆ ಮಾತಿಗೆ ಬಂದೆವು:
ಶಿಷ್ಯರೆಂದರೆ ಉಪ್ಪು; ಉಪ್ಪು ಸಪ್ಪೆಯಾದರೆ
ಬೀದಿಗೆ, ಮಂದಿಯ ಕಾಲಡಿಗೆ.
"ಅರ್ಥ ಆಯ್ತಲ್ಲ?" ಎಂದೆ, ಪುಟ ಮಗುಚುತ್ತ.

ಇನಾಸಿನ್ ಬಾಯಿ ಕೈ ಎತ್ತಲಿಲ್ಲ, ಕೆಮ್ಮಿದಳು.
ಸಾಣಿಕಟ್ಟೆಯ ಆಗರದಲ್ಲಿ ಮೂವತ್ತು ಬೇಸಿಗೆ ಹೊತ್ತವಳು,
ಹಿಮ್ಮಡಿಯ ಬಿರುಕಲ್ಲಿ ಈಗಲೂ ಬಿಳಿ ಗೆರೆ.
"ಉಪ್ಪು ಸಪ್ಪೆ ಆಗೂದಿಲ್ಲ ಮಾಸ್ತರೇ."

ಸೆವ್ರಿನಾ ನಕ್ಕಳು. ನಾನು ಟಿಪ್ಪಣಿ ಹುಡುಕಿದೆ.

"ಅಕಾಲ ಮಳೆ ಬಂತು ಅಂದ್ಕೊಳ್ಳಿ, ರಾಶಿ ಮುಚ್ಚಿರೂದಿಲ್ಲ.
ಉಪ್ಪೆಲ್ಲ ಕರಗಿ ಅಘನಾಶಿನಿ ಸೇರ್ತದೆ, ಬಂದಲ್ಲಿಗೇ.
ಉಳಿಯೂದು ಬರೀ ಬೆಳ್ಳಗಿನ ಮಣ್ಣು.
ದೂರದಿಂದ ನೋಡಿದ್ರೆ ಉಪ್ಪೇ.
ಅದನ್ನ ದಾರಿಗೆ ಹಾಕ್ತಿದ್ರು, ನಾವೇ ತುಳೀತಿದ್ವು."

ಮೊಬೈಲಿನ ಬೆಳಕು ಅವಳ ಕಡೆ ತಿರುಗಿತು.

"ಮತ್ತೆ ಬೆಳೆಯೂದು ಅಂದ್ರಲ್ಲ,
ಉಪ್ಪನ್ನೂ ಬೆಳೀತೇವೆ ಅಂತೇವೆ ನಾವು. ಬೀಜ ಇಲ್ಲ, ಬೇರಿಲ್ಲ.
ಮೊದಲು ನೆಲ ಮೆಟ್ಟಬೇಕು, ದಿನಗಟ್ಟಲೆ, ಕಲ್ಲಾಗೂ ತನಕ.
ಆಮೇಲೆ ನೀರು ಬಿಟ್ಟು ಸುಮ್ನಿರಬೇಕು.
ಅಲ್ಲಿ ಯಾವುದೂ ಬರೂದಿಲ್ಲ ಮಾಸ್ತರೇ, ಹೋಗ್ತದೆ.
ಹೋಗಿ ಹೋಗಿ, ಇನ್ನು ಹೋಗಲಾರೆ ಅಂದದ್ದು ಉಪ್ಪು."

ಮುಗಿಸುವ ಪ್ರಾರ್ಥನೆಗೆ ಎದ್ದು ನಿಂತೆವು.
ಪರರ ತಪ್ಪು ಕ್ಷಮಿಸುವ ಸಾಲಿಗೆ ಬಂದಾಗ
ನನ್ನ ದನಿ, ಎಂದಿನಂತೆ, ತುಸು ಓಡಿತು.

ಚಪ್ಪಲಿ ಹುಡುಕುವ ಕತ್ತಲಲ್ಲಿ ಅವಳು
ಕೈಗೊಂದು ಪೊಟ್ಟಣ ಒತ್ತಿದಳು. ಹರಳುಪ್ಪು.
"ಕೈತಾನನ ಮನೆ ನಿಮ್ಮ ದಾರಿಯಲ್ಲೇ ಅಲ್ವಾ?"
ಅಷ್ಟೇ. ಆ ಸಾಲು ನಾನು ನುಂಗುವುದು
ಅವಳೊಬ್ಬಳಿಗೆ ಕೇಳಿಸಿರಬೇಕು.

ತಮ್ಮನೊಡನೆ ಮಾತು ಬಿಟ್ಟು ಹನ್ನೊಂದು ವರ್ಷ, ಒಂದು ಬಾವಿಗಾಗಿ.
ಆ ಬಾವಿ ಈಗ ಸವುಳು.
ಇಬ್ಬರೂ ಪಂಚಾಯ್ತಿ ನಲ್ಲಿಯದ್ದೇ ಕುಡಿಯುತ್ತೇವೆ.

ಕಡಲ ಗಾಳಿಗೆ ಪೊಟ್ಟಣ ಜೇಬಲ್ಲೇ ಬೆವರಿತು,
ಪೇಪರಿನ ಮಸಿ ಅಂಗಿಗೆ ಹತ್ತಿತು.
ಗೇಟಿನ ಕೊಂಡಿ ಮೊದಲಿನದೇ: ಎತ್ತಬೇಕು, ಎಡಕ್ಕೆ ಎಳೆಯಬೇಕು.
ಕೈಗೆ ನೆನಪಿತ್ತು.
ನಾಯಿ ಬೊಗಳಿತು. ಬಾಗಿಲಲ್ಲಿ ಒಬ್ಬ ಹುಡುಗಿ,
ಎಂಟೊಂಬತ್ತರ ಪ್ರಾಯ, ನಮ್ಮ ಅವ್ವನ ಹಣೆ.

"ಅಪ್ಪ ಮೀಯ್ತಿದ್ದಾರೆ.
ಯಾರು ಬಂದ್ರು ಅಂತ ಹೇಳಲಿ?"

ಪಾಠದ ಕೊನೆಗೆ ಹತ್ತು ಪ್ರಶ್ನೆ ಬರೆಯುತ್ತೇನೆ, ಪ್ರತಿ ವಾರ,
ಉತ್ತರವನ್ನೂ ಪಕ್ಕದಲ್ಲೇ, ಪೆನ್ಸಿಲಿನಲ್ಲಿ.
ಇದು ಅದರಲ್ಲಿರಲಿಲ್ಲ.