ನಾಲ್ಕು ನಿಮಿಷ

ಆರು ನಲವತ್ತೆರಡಕ್ಕೆ ಹಾಕಿದೆ.
ಆರು ನಲವತ್ತಾರಕ್ಕೆ ತೆಗೆದೆ.
ನಡುವಿನದ್ದನ್ನು ಹೇಳಬೇಕು.

ನೆಹರೂ ರಸ್ತೆಯ ಹಿಂದಿನ ಓಣಿ, ನೆಲ ಅಂತಸ್ತು.
ಹಿಂದೆ ಅಚ್ಚಿನ ಮೊಳೆಗಳಿದ್ದ ಕೋಣೆಯಲ್ಲಿ
ಈಗ ರಿಂಗ್ ಲೈಟು, ಹಸಿರು ಪರದೆ, ನಾನು.

ಫೋಟೋ ಬಂದದ್ದು ಏಳು ಗುಂಪುಗಳಿಂದ, ಒಂದೇ ಒಕ್ಕಣೆ:
‘ಮಕ್ಕಳ ಕಳ್ಳ. ದುರ್ಗಿಗುಡಿಯಲ್ಲಿ ಓಡಾಡ್ತಿದ್ದಾನೆ. ಎಲ್ಲರಿಗೂ ಕಳಿಸಿ.’
ಹೆಗಲಿಗೆ ಗೋಣಿಚೀಲ, ಎರಡು ದಿನದ ಗಡ್ಡ,
ಅವನ ಕೈಯೊಳಗೊಂದು ಪುಟ್ಟ ಕೈ,
ಹುಡುಗಿಯ ಕಣ್ಣಲ್ಲಿ ನೀರು.
ಏಳು ಕಡೆಯಿಂದ ಬಂದರೆ ಏಳು ಸಾಕ್ಷಿ ಅಂದುಕೊಂಡೆ.
ಒಂದೇ ಬಾಯಿ ಏಳು ಸಲ ತೆರೆದದ್ದು ಅಂತ
ಆಗ ಹೊಳೆಯಲಿಲ್ಲ.

ಪಕ್ಕದ ಚಾನೆಲ್ಲಿನವರು ಆಗಲೇ ಹಾಕಿದ್ದರು,
ಮುಖಕ್ಕೆ ಕೆಂಪು ಸುತ್ತು ಬಿಡಿಸಿ, ಬಾಣ ನೆಟ್ಟು.
ಸಂಪಾದಕರು ತಲೆಯೆತ್ತದೆ
‘ಇನ್ನೂ ಯಾಕಮ್ಮ?’ ಅಂದರು.
ಬೆರಳು ಒತ್ತಿತು. ನಾನಲ್ಲ ಎನ್ನಲಾರೆ,
ಬೆರಳು ನನ್ನದೇ.

ಕರಡು ತಿದ್ದುವ ಜೋಯಿಸರು ಮೊಬೈಲು ಹಿಡಿಯುವುದು
ಪಾಯಸದ ಬಟ್ಟಲು ಹಿಡಿದಂತೆ, ಎರಡೂ ಕೈಯಲ್ಲಿ.
ಕನ್ನಡಕ ಹಣೆಗೇರಿಸಿ, ಮೂಗಿನ ಹತ್ತಿರ ತಂದು,
‘ದೊಡ್ಡದು ಮಾಡು ಮಾರಾಯ್ತಿ.
ಮುಖ ಅಲ್ಲ, ಅಂಚು. ಮುಖ ಎಲ್ಲರೂ ನೋಡ್ತಾರೆ.’

ಅಂಚು ದೊಡ್ಡದಾಯಿತು.
ಚೀಲದ ಬಾಯಲ್ಲಿ ಇಣುಕಿದ್ದು ಕುಕ್ಕರಿನ ಹಿಡಿ.
ಕಾಲ ಬಳಿ ಒಂದು ಸೀಟಿ, ಎರಡು ರಬ್ಬರಿನ ಬಳೆ.
ನಿಂತ ಸ್ಕೂಟರಿನ ಕನ್ನಡಿಯಲ್ಲಿ
ಉಲ್ಟಾ ಅಕ್ಷರದ ಅಂಗಡಿ ಬೋರ್ಡು.
ನೆರಳು ಗಿಡ್ಡ, ನಡುಮಧ್ಯಾಹ್ನದ್ದು.
ಇದನ್ನೇ ‘ಈಗಷ್ಟೇ’ ಎಂದು ಬರೆದ ನಾನು
ಕಿಟಕಿಯಾಚೆ ನೋಡಿದ್ದರೂ ಸಾಕಿತ್ತು:
ಬೀದಿದೀಪ ಹತ್ತಿತ್ತು.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ.
ನೀನು ಕಂಡೂ ಇಲ್ಲವಲ್ಲೇ.’
ಸಿಟ್ಟಿರಲಿಲ್ಲ. ಬಿಟ್ಟುಹೋದ ಒತ್ತಕ್ಷರ
ತೋರಿಸುವಾಗಿನ ಅದೇ ದನಿ.
ಅಳಿಸಿದೆ.

ತರಬೇತಿಯಲ್ಲಿ ಎಲ್ಲ ಹೇಳಿಕೊಟ್ಟಿದ್ದರು,
ಚಿತ್ರದ ಹುಟ್ಟು ಹುಡುಕುವುದು, ಶೀರ್ಷಿಕೆಗೆ ಕೊಕ್ಕೆ ಇಡುವುದು,
ಮೂವತ್ತು ಸೆಕೆಂಡಿಗೆ ನೋಡುಗ ಜಾರದಂತೆ ಕತ್ತರಿಸುವುದು.
ಅಳಿಸಿದ್ದನ್ನು ಊರಿನಿಂದ ವಾಪಸು ತರುವುದು
ಯಾವ ಸ್ಲೈಡಿನಲ್ಲೂ ಇರಲಿಲ್ಲ.
ಅಷ್ಟರಲ್ಲಿ ಹಂಚಿದವರು ಇನ್ನೂರ ಹನ್ನೊಂದು.
ಅದರಲ್ಲಿ ನಮ್ಮ ಚಿಕ್ಕಮ್ಮನೂ ಒಬ್ಬಳು,
ನಾನು ಹಾಕಿದ್ದೆಂಬ ಹೆಮ್ಮೆಗೆ.

ಗಾಡಿ ತೆಗೆದೆ. ಗೋಪಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ
ನಿಂತವರ ಅಂಗೈಗಳೆಲ್ಲ ಬೆಳಗುತ್ತಿದ್ದವು,
ಒಂದೊಂದರಲ್ಲೂ ಅವನ ಗಡ್ಡವಿದೆ ಅನ್ನಿಸಿತು.
ಠಾಣೆಗೆ ಫೋನು. ಕನ್ನಡಿಯೊಳಗಿನ ಅಂಗಡಿಗೆ ಫೋನು.
‘ಕುಬೇರಪ್ಪನಾ? ಪ್ರತಿ ಗುರುವಾರ ಬರ್ತಾನಲ್ಲ ಮೇಡಂ,
ಕುಕ್ಕರ್ ರಿಪೇರಿ. ಆ ಮಗು ಮೇಲಿನ ಮನೇದು.
ಬೆರಳು ಸುಟ್ಕೊಂಡಿತ್ತು,
ಊದ್ತಿದ್ದ.’

ಸಿಕ್ಕ. ಖಾಸಗಿ ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚು,
ಹೊನ್ನಾಳಿ ಬಸ್ಸಿಗೆ ಕಾಯುತ್ತಾ.
ನಾಲ್ಕು ಮಾರು ದೂರದಲ್ಲಿ ಒಂದಿಷ್ಟು ಹುಡುಗರು
ಮೊಬೈಲು ನೋಡಿ, ಅವನನ್ನು ನೋಡಿ,
ಮತ್ತೆ ಮೊಬೈಲು ನೋಡಿ.
ಹೋಗಿ ಪಕ್ಕದಲ್ಲಿ ಕೂತೆ.
ಕೊರಳ ಗುರುತಿನ ಚೀಟಿ ಕಾಣುವಂತೆ ತಿರುಗಿಸಿಟ್ಟು
ಅವರನ್ನೇ ನೋಡುತ್ತಾ ಕೂತೆ.
ತುಸು ಹೊತ್ತಿಗೆ ಚಹಾದಂಗಡಿಯತ್ತ ಸರಿದರು.

ಹೆಸರು ಕೇಳಿ ಅಕ್ಷರ ಅಕ್ಷರ ಬರೆದುಕೊಂಡೆ.
ಊರು, ಕಸುಬು, ಎಷ್ಟು ವರ್ಷದಿಂದ.
ಪೆನ್ನು ನಿಂತಾಗ ಅವನೇ ಕೇಳಿದ:
‘ಪೇಪರಿನೋರಾ? ನಂದೊಂದು ಫೋಟೋ ಬಂದೈತಂತೆ,
ಯಾರೋ ಅಂದ್ರು. ನನ್ತಾವ ಬಟನ್ ಫೋನು.
ಚಂದ ಬಂದೈತೇನವ್ವ?’

ಬಸ್ಸು ಬಂತು. ಚೀಲ ಎತ್ತಿಕೊಟ್ಟೆ.
ಒಳಗೆಲ್ಲೋ ಸೀಟಿಗಳು ಕಿಣಿಕಿಣಿಗುಟ್ಟಿದವು.

ತಿದ್ದುಪಡಿ ಬರೆದೆ ಆ ರಾತ್ರಿ,
ನನ್ನ ಹೆಸರು ಹಾಕಿ, ನಾಲ್ಕು ನಿಮಿಷ ಎಂಬುದನ್ನೂ ಹಾಕಿ.
ಬೆಳಗಿನವರೆಗೆ ನೋಡಿದವರು ಮೂವತ್ತೆಂಟು.
ಜೋಯಿಸರು ಅದರಲ್ಲೂ
ಒಂದು ದೀರ್ಘ ತಿದ್ದಿದರು.