ಮನಿ ಬಿಚ್ಚೋದು

ಕೆಡವೋದಲ್ಲ, ಬಿಚ್ಚೋದು ಅನ್ರಿ.
ಕೆಡವಲಕ್ಕ ಜೆಸಿಬಿ ಅದ.
ಬಿಚ್ಚಲಕ್ಕ ನಾ ಅದೀನಿ, ಅಳಿಯ ಮಶಾಕ ಅದಾನ,
ಒಂದು ಹಾರಿ, ಎರಡು ಬುಟ್ಟಿ.

ಕಟ್ಟಿದವರು ಕೆಳಗಿಂದ ಏರಿದ್ರು,
ನಾವು ಮ್ಯಾಲಿಂದ ಇಳಿತೀವಿ.
ನಡುಗ್ವಾಡಿಯಾಗ ಎಲ್ಲೋ ಒಂದು ಕಡಿ
ಎದುರಾಎದುರು ಆಗ್ತೀವಿ.

ಜಗದೇವಿಯ ಮಾಳಿಗಿ ಮಣ್ಣು ಮೊಳ ದಪ್ಪ.
ವರ್ಷಾ ಮಿರಗದ ಮಳಿಗಿಂತ ಮೊದಲು
ಹೊತ್ತು ಹಾಕಿದ ಸವುಳು ಮಣ್ಣು;
ಪದರು ಎಣಿಸಿದರ
ಆ ಮನಿಗಿ ಬಂದ ಸೊಸೆಯಂದಿರ ಲೆಕ್ಕ ಸಿಗ್ತದ.

ಅದರ ಕೆಳಗ ತೊಗರಿ ಕಟಗಿ, ಬೇವಿನ ಸೊಪ್ಪು.
ಒಣಗಿ ಪುಡಿಯಾದ್ರೂ ಕಹಿ ಬಿಟ್ಟಿಲ್ಲ.
ಮಶಾಕ ನಾಲಿಗಿಗಿ ಹಚ್ಚಿ ನೋಡಿ ಉಗುಳಿದ.
ಗೆದ್ದಲಿಗೂ ಹಿಂಗೇ ಆಗಿರಬೇಕು.

ತೊಲಿ ಹದಿನಾಲ್ಕು, ಗಟ್ಟಿ ಇದ್ದದ್ದು ಹನ್ನೊಂದು.
ಶಹಾಬಾದಿನ ಫರಸಿ ಬೆರಳಿಲೆ ಬಡಿದರ
ಕಂಚಿನ ತಾಟಿನ ಸಪ್ಪಳ,
ಬಿರುಕು ಬಿಟ್ಟಿದ್ದರ
ಬೊಕ್ಕಬಾಯಿ ಮಾತು.

ಎರಡನೇ ದಿನ, ಅಡಗಿಮನಿ ಗ್ವಾಡಿಯಾಗ
ಗಿಲಾವಿನ ಹಿಂದ ಇನ್ನೊಂದು ಗಿಲಾವು,
ಅದರಾಗ ಐದು ಬೆರಳು.
ಹಸಿಮಣ್ಣಿಗಿ ಊರಿದ ಕೈ, ಹೆಂಗಸಿನದು,
ಕಿರಿಬೆರಳು ಡೊಂಕು.
ನಮ್ಮ ಅಜ್ಜಿದೂ ಡೊಂಕಿತ್ತು, ಆಕಿನೂ ಗಿಲಾವು ಮಾಡ್ತಿದ್ದಳು.
ಊರಾಗ ಡೊಂಕು ಬೆರಳು ಒಂದೇ ಇತ್ತೇನು?
ಹಾರಿ ಇಳಿಸಿ ಬೀಡಿ ಹಚ್ಚಿದೆ.
ಆಮ್ಯಾಲ ಆ ತುಂಡೂ ಬುಟ್ಟಿಗಿ ಹಾಕಿದೆ.

ಮೂರನೇ ದಿನ ಊರೇ ಬಂತು.
ಫರಸಿ ಒಯ್ದರು, ಭಾವಿಕಟ್ಟಿಗಿ.
ಹುಳ ಹಿಡಿದ ತೊಲಿ ಚಾದ ಅಂಗಡಿ ಒಲಿಗಿ.
ಬಾಗಿಲದ ಗೂಟಕ್ಕ ಇಬ್ಬರು ಜಗಳಾಡಿದರು.
ಹಳೀ ಗ್ವಾಡಿ ಮಣ್ಣು ಹೊಲಕ್ಕ ಬಂಗಾರ ಅಂತ
ಮೈದುನ ಬಂಡೆಪ್ಪ ಟ್ರ್ಯಾಕ್ಟರ್ ತಂದ,
ಎಂಟು ಖೇಪು.
ಪಡಸಾಲಿ, ದೇವರ ಮಾಡ, ಬಾಣಂತಿ ಕೋಣಿ
ಎಲ್ಲಾ ತೊಗರಿ ಸಾಲಿನಾಗ ಹರವಿ ಬಿದ್ದಾವ.

ಉಳಿದದ್ದು ಹಿತ್ತಲದ ಬಚ್ಚಲಮನಿ.
ಸಿಮೆಂಟಿಂದು, ಹೊಸಾದು,
ಬಾಳ್ ಖರ್ಚು ಮಾಡಿದ್ದು ಅಂತ ಜಗದೇವಿ ಅಂದಳು.
ಯಾರೂ ಕೇಳಲಿಲ್ಲ.
ಹೊಲ ಒಲ್ಲೆ ಅಂತು, ಒಲಿ ಒಲ್ಲೆ ಅಂತು.
ಅದೂ ನಮ್ಮ ನೆಲದ ಕಲ್ಲೇ ರೀ,
ವಾಡಿಯಾಗ ಸುಟ್ಟು ಹಿಟ್ಟು ಮಾಡಿದ್ದು;
ಪಾಪ, ವಾಪಸ್ ಹೋಗೋ ದಾರಿ ಮರ್ತದ.
ಚಿತ್ತಾಪುರ ರಸ್ತಾದ ತಗ್ಗಿನಾಗ ಸುರುವಿ ಬಂದೆವು.
ಎರಡು ಮಳಿಗಾಲ ಆತು, ಹಂಗೇ ಅದ.

ರೊಕ್ಕ ಕೊಡುವಾಗ ಜಗದೇವಿ ಕೇಳಿದಳು,
"ಹೊಸಾ ಮನಿ ಹೆಂಗ ಕಟ್ಟಲಿ, ಕಾಕಾ?"
ನಾ ಗೌಂಡಿ ಅಲ್ಲವ್ವ, ಅಂದೆ.
ಬಿಚ್ಚಲಕ್ಕ ಬಂದವನ ಕೈಗಿ
ನಿನ್ನ ಕೈ ಸಿಗೋಹಂಗ ಕಟ್ಟು.

ಆಕಿ ಏನೂ ಅನ್ನಲಿಲ್ಲ.
ಬೇವಿನ ನೆಳ್ಳಿಗಿ ಒಟ್ಟಿದ ತೊಲಿ
ಮತ್ತೊಮ್ಮೆ ಎಣಿಸಿದಳು,
ಹನ್ನೊಂದು.