ಗರಗಸದಂಗಡಿಗೆ ಮೊತ್ಲೇಬನ ಜೊತೆ

ಸೋಹಾರಿನ ಸನಾಯ್ಯಾದಲ್ಲಿ ಅಸರ್ ನಮಾಜು ಮುಗಿದ ಮೇಲೆ
ಜುಮಾ ಬಲೂಷಿ ಶಟರ್ ಎತ್ತುತ್ತಾನೆ.
ಒಳಗೆ ಮೂರು ಟೇಬಲ್ ಗರಗಸ,
ಮೂರರ ಮೇಲೂ ಒಂದೇ ಧೂಳು:
ಅರ್ಧ ಮರದ್ದು, ಅರ್ಧ ಮರಳಿನದ್ದು.

"ಯಾರಿಗೆ?" ಅಂದ, ನನ್ನ ಹಿಂದೆ ಗಂಡಸನ್ನು ಹುಡುಕುತ್ತ.
ನನಗೇ, ಅಂದೆ.
ಹಿಂದಿದ್ದ ಗಂಡಸು ಮೊತ್ಲೇಬ್, ಕೊಮಿಲ್ಲಾದವನು,
ಜೇಬಿನಿಂದ ಕೈ ತೆಗೆಯದೆ ತಲೆಯಾಡಿಸಿದ.

ಹಳದಿಯದು ಹೊಸದು. ಕಾಲು ಮಡಚುತ್ತದೆ,
ಒಬ್ಬಳೇ ಎತ್ತಬಹುದು, ನೂರಾ ಅರವತ್ತು ರಿಯಾಲ್.
ಹಸಿರಿನದು ಮುಚ್ಚಿಹೋದ ಯಾವುದೋ ಕಾರ್ಖಾನೆಯದು,
ಬೀಡು ಕಬ್ಬಿಣ, ಎಮ್ಮೆಯ ತೂಕ, ಎಮ್ಮೆಯದೇ ಮೌನ,
ತ್ರೀ ಫೇಸ್ ಕರೆಂಟು ಬೇಡುತ್ತದೆ.
ಮೂರನೆಯದು ಬೂದು.
ಅದರ ಬಗ್ಗೆ ಜುಮಾ ಏನೂ ಹೇಳಲಿಲ್ಲ.

ಹದಿನಾಲ್ಕು ವರ್ಷ ಈ ಯಂತ್ರಗಳನ್ನು
ಇನ್ನೊಂದು ತುದಿಯಿಂದ ಓದಿದವಳು ನಾನು.
ಆಪರೇಷನ್ ಥಿಯೇಟರಿಗೆ ಬಂದ ಕೈ ನೋಡಿ ಹೇಳಬಲ್ಲೆ:
ಇದು ಗ್ರೈಂಡರು, ಇದು ಪ್ಲೇನರು,
ಇದು ಗುರುವಾರ ಸಂಜೆಯ ಅವಸರ.
ಮೊತ್ಲೇಬನ ಮೂರು ಬೆರಳು ಬಂದದ್ದು
ಮೀನಂಗಡಿಯ ಐಸಿನಲ್ಲಿ, ಬ್ರೆಡ್ಡಿನ ಕವರಿನೊಳಗೆ.
ಒಂದು ಮರಳಿ ಹತ್ತಿಕೊಂಡಿತು. ಮಡಚುವುದಿಲ್ಲ.
ಅರಿವಳಿಕೆ ಇಳಿದಾಗ ಅವನು ಬೆರಳು ಕೇಳಲಿಲ್ಲ,
"ಆ ಹಲಗೆ ಹಾಳಾಯಿತಾ, ಸಿಸ್ಟರ್?" ಅಂದ.
ಸಾಗವಾನಿ. ಯಾರದೋ ಬಾಗಿಲಿಗೆ ಅಳೆದದ್ದು.

ಏನು ಮಾಡ್ತೀರಿ ಇದರಿಂದ ಎಂದು ಎಲ್ಲರೂ ಕೇಳಿದ್ದರು.
ಮನೆ ಮಾಲೀಕನಿಗೆ ಚಪ್ಪಲಿ ಸ್ಟ್ಯಾಂಡು ಅಂದೆ,
ವಾರ್ಡಿನ ಶೈನಿಗೆ ಪುಸ್ತಕದ ಕಪಾಟು,
ಬೀದರಿನಿಂದ ಫೋನು ಮಾಡಿದ ಅಕ್ಕನಿಗೆ ರೊಟ್ಟಿ ಬಡಿಯುವ ಹಲಗೆ.
"ಒಂದು ಹಲಗಿಗಿ ಇಷ್ಟು ದೊಡ್ಡ ಮಿಷನ್ನೇನ?" ಅಂದಳು.
ನಿಜ ಹೇಳಲು ನಾಚಿಕೆ:
ಹೊಲಿಯಬೇಕಿಲ್ಲದ ಒಂದು ಕೊಯ್ತ
ನೋಡಬೇಕಿತ್ತು ನನಗೆ.

ಜುಮಾ ಕುದುರೆಶಕ್ತಿ ಎಣಿಸುತ್ತಿದ್ದ.
ಮೊತ್ಲೇಬ್ ಕೊನೆಗೂ ಕೈ ಹೊರತೆಗೆದು
ಹಳದಿಯ ಬೆನ್ನು ತಟ್ಟಿದ. ತಗಡು ಟಣ್ ಅಂದಿತು.
"ಮರ ಒದ್ದರೆ ಇದೇ ಮೊದಲು ಓಡಿಹೋಗುತ್ತೆ."
ಹಸಿರಿನ ಬಳಿ ಬಗ್ಗಿ ಅಲಗಿನ ಹಿಂಬದಿ ನೋಡಿದ.
ಸೀಳಿದ ಮರ ಮತ್ತೆ ಕೂಡಿ ಅಲಗನ್ನು ಕಚ್ಚದ ಹಾಗೆ
ನಡುವೆ ನಿಲ್ಲಬೇಕಾದ ತೆಳು ಪಟ್ಟಿ
ಇರಲಿಲ್ಲ.
"ನನ್ನದರಲ್ಲೂ ಇರಲಿಲ್ಲ," ಅಂದ. ಅಷ್ಟೇ ಅಂದ.

ಬೂದಿನದರಲ್ಲಿ ಇತ್ತು, ತಂತಿ ಬಿಗಿದು ಕಾಲಿಗೆ ನೇತುಹಾಕಿದ್ದು.
ಒಂದು ಮೂಲೆ ಒಡೆದಿತ್ತು; ಪ್ಲಗ್ಗು ಸಾದಾ.
ಗೈಡು ಸರಿಸಿ ಅಲಗಿನ ಮುಂದೊಮ್ಮೆ ಹಿಂದೊಮ್ಮೆ ಅಳೆದ:
ಕೂದಲೆಳೆ ಓರೆ, ಬೋಲ್ಟು ಸಡಿಲಿಸಿದರೆ ಸರಿಹೋಗುತ್ತೆ,
ಕಡಲ ತೇವಕ್ಕೆ ತುಕ್ಕು ಬರುತ್ತೆ, ವಾರಕ್ಕೊಮ್ಮೆ ಮೇಣ ಹಚ್ಚಿ.

ಆಮೇಲೆ ಕಣ್ಣು ಮುಚ್ಚಿ ನಿಂತ.
ಪ್ರಾರ್ಥನೆ ಎಂದುಕೊಂಡೆ.
ಮೊಣಕಾಲಿನಿಂದ ಕೆಂಪು ಗುಂಡಿ ಹುಡುಕುತ್ತಿದ್ದ.
"ಶುರು ಮಾಡಲು ಯಾರಿಗೂ ಬರುತ್ತೆ, ಸಿಸ್ಟರ್.
ಎರಡೂ ಕೈ ತುಂಬಿರುವಾಗ ಇದು ಕಾಲಿಗೆ ಸಿಗಬೇಕು."

ಜುಮಾ ನೂರಾ ಮೂವತ್ತರಿಂದ ನೂರಾ ಹತ್ತಕ್ಕೆ ಇಳಿದ.
ಮೊತ್ಲೇಬನ ಕೈ ನೋಡಿ, ಲೆಕ್ಕಕ್ಕೆ ಬರೆಯದೆ,
ಒಂದು ಹೊಸ ಬ್ಲೇಡು ಪಿಕಪ್ಪಿನಲ್ಲಿಟ್ಟ.

ಕಾರು ನಿಲ್ಲಿಸುವ ತಗಡಿನಡಿ, ರಾತ್ರಿ ಒಂಬತ್ತಕ್ಕೂ
ಬೆವರು ಆರದ ಜುಲೈ.
ಪ್ಯಾಕಿಂಗಿನ ಪೈನ್ ಹಲಗೆಯೊಂದನ್ನು
ತಳ್ಳುಕೋಲಿನಿಂದ ನೂಕಿದೆ.
ಎರಡಾಯಿತು. ಏನೂ ಒಸರಲಿಲ್ಲ.
ಅಂಚು ಮುಟ್ಟಲು ಕೈ ಚಾಚಿದರೆ
"ನಿಲ್ಲಿ," ಅಂದ.

ಗುಂಡಿ ಒತ್ತಿದ ಮೇಲೂ ಅಲಗು ತಿರುಗುತ್ತಿತ್ತು,
ಹಲ್ಲೇ ಇಲ್ಲದ ಹಾಗೆ, ಆಮೇಲೆ ಹೊಗೆಯ ಹಾಗೆ,
ಆಮೇಲೆ ಒಂದೊಂದೇ ಎಣಿಸುವ ಹಾಗೆ.
ಹದಿಮೂರು ಸೆಕೆಂಡು.
ಅಲ್ಲಿಯವರೆಗೆ ಇಬ್ಬರೂ ಬೆನ್ನ ಹಿಂದೆ ಕೈಕಟ್ಟಿ ನಿಂತೆವು,
ಹೆಡ್ಮಾಸ್ತರ ಕೋಣೆಯ ಹೊರಗಿನ ಮಕ್ಕಳು,
ಹದಿನೆಂಟು ಬೆರಳು,
ಅದರಲ್ಲಿ ಒಂದು ಮಡಚದ್ದು.